ಪೂವಯ್ಯನ ಡ್ರಮ್ಮು

ಸುಳ್ಳು ಹೇಳುವ ವಯಸ್ಸು ನನ್ನದಲ್ಲ. ೧೯೬೮ರಲ್ಲಿ, ನಾಪೋಕ್ಲಿನ ಒಂದು ಮದುವೆಯಲ್ಲಿ, ರೇಡಿಯೊ ಕೇಳಿ ಕಲಿತ ಇಂಗ್ಲಿಷ್ ಹಾಡುಗಳನ್ನು ನಮ್ಮ ಬ್ಯಾಂಡ್ ನುಡಿಸುತ್ತಿತ್ತು. ನನ್ನದು ಗಿಟಾರು. ಡ್ರಮ್ ಬಾರಿಸುವ ಪೂವಯ್ಯ ಜ್ವರ ಬಂದು ಮನೆಯಲ್ಲಿ ಮಲಗಿದ್ದ; ಅವನ ಡ್ರಮ್ಮನ್ನಷ್ಟೇ ತಂದಿಟ್ಟಿದ್ದೆವು.

ಹಾಡಿನ ನಡುವೆ ಅವನ ಮನೆ ಕಡೆಯಿಂದ ಎರಡು ಗುಂಡಿನ ಸದ್ದು ಕೇಳಿತು. ನಮ್ಮ ಕೊಡಗಿನಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಕೇಳಿದವರು ಹಾಡು ನಿಲ್ಲಿಸಬೇಕು.

"ಮದ್ವೆ ಖುಷಿಗೆ ಹೊಡ್ದಿದ್ದು ಮಾರಾಯ, ನೀ ಗಿಟಾರ್ ಬಾರ್ಸು!" ಎಂದ ಹಾಡುಗಾರ ಮೊಣ್ಣಪ್ಪ.

ಆಗ ಬೆನ್ನ ಹಿಂದೆ ಡ್ರಮ್ ಸೇರಿಕೊಂಡಿತು. ಮೂರನೇ ಪೆಟ್ಟು ಒಂಚೂರು ತಡ, ಪೂವಯ್ಯನದೇ ಕೈ. ಮಟಮಟ ಮಧ್ಯಾಹ್ನದಲ್ಲಿ ನನ್ನ ಕತ್ತು ತಣ್ಣಗಾಯಿತು. ತಿರುಗಿದರೆ ಸ್ಟೂಲು ಖಾಲಿ.

"ನಿಲ್ಸೋ!" ಎಂದೆ.

ಮೊಣ್ಣಪ್ಪ ಹಿಂದಕ್ಕೆ ನೋಡಲೇ ಇಲ್ಲ. "ನಿಲ್ಸಿದ್ರೆ ಅವ್ನು ಹೋಗ್ಬಿಡ್ತಾನೆ," ಎಂದ.

ಅದೇ ಹಾಡನ್ನು ಹನ್ನೊಂದು ಸಲ ನುಡಿಸಿದೆವು. ಕೊನೆಗೆ ನಾವು ಸೋತು ನಿಲ್ಲಿಸಿದೆವು. ಡ್ರಮ್ ನಿಲ್ಲಲಿಲ್ಲ.