ಮೂರನೇ ಕುರ್ಚಿ ಖಾಲಿ

ಕೋರ್ಟಿನ ಹಳೇ ಕಡತಗಳ ಕೋಣೆಯ ಬಾಗಿಲು ಒಡೆದರೆ, ಬೆಳಗ್ಗೆಯಿಂದ ನಾಪತ್ತೆಯಾಗಿದ್ದ ಕಿರಿಯ ಜಡ್ಜು ಒಳಗೇ ಇದ್ದರು! ಕರಿ ಕೋಟು ಮೊಳೆಯಲ್ಲಿ ನೀಟಾಗಿ ತೂಗುತ್ತಿತ್ತು, ಬೂಟು ಜೋಡಿಯಾಗಿ ಮೂಲೆಯಲ್ಲಿತ್ತು.

"ಯಾರೋ ಕೂಡಿಹಾಕಿದ್ರು! ಅರಚಿ ಅರಚಿ ಸಾಕಾಯ್ತು!" ಎಂದರು. ದನಿ ಮಾತ್ರ ಬೆಣ್ಣೆಯಂತಿತ್ತು.

ಆ ಬಾಗಿಲು ಎಳೆದರೆ ತಾನೇ ಬೀಗ ಬೀಳುತ್ತದೆ, ಒಳಗಿನಿಂದಲೂ ಕೀಲಿಯಿಲ್ಲದೆ ತೆರೆಯದು. ಕೀಲಿ ಸಿಕ್ಕಿದ್ದು ಕಿಟಕಿಯ ಕೆಳಗಿನ ಹಿತ್ತಿಲಲ್ಲಿ. ಬಾಗಿಲ ಪಕ್ಕದ ಮೊಳೆಗೆ ತೂಗುವ ಆ ಕೀಲಿಯನ್ನು ನೋಡಿಕೊಳ್ಳುವವಳು ಕೋರ್ಟಿನ ಡ್ರೈವರನ ತಂಗಿ. ಸಂಜೆಯೊಳಗೆ ಅವಳ ಕೆಲಸ ಹೋಗುತ್ತದೆಂದು ಸುದ್ದಿ ಹಬ್ಬಿತು.

ಡ್ರೈವರ್ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿದ್ದ ನಿವೃತ್ತ ಇನ್‌ಸ್ಪೆಕ್ಟರ್ ದೊಡ್ಡಮ್ಮನ ಬಳಿ ಓಡಿದ. ಎಷ್ಟೋ ಕೇಸುಗಳಿಗೆ ಅವನೇ ಅವರ ಜೊತೆಗಾರ.

"ದೊಡ್ಡಮ್ಮಾ, ಕೇಂದ್ರದ ವಕೀಲನದೇ ಕೈವಾಡ! ಇವತ್ತಿನ ಕೇಸಲ್ಲಿ ರಾಜ್ಯದ ಕಾನೂನು ರದ್ದು ಮಾಡ್ಸೋಕೆ ಬಂದಿದ್ದಾನೆ. ಮೂವರಲ್ಲಿ ಉಳಿದ ಇಬ್ಬರು ಜಡ್ಜುಗಳು ಆ ಕಡೆ ಒಬ್ಬರು, ಈ ಕಡೆ ಒಬ್ಬರು; ಮೂರನೆಯವರ ಮಾತೇ ಕೊನೇದು. ಈ ಸಾಹೇಬ್ರು ಹೋದ್ಸಲ ಇಂಥದ್ದೇ ಕೇಸಲ್ಲಿ ಏನಂದ್ರು? ರಾಜ್ಯದ ವಿಷಯಕ್ಕೆ ಕೋರ್ಟು ಕೈ ಹಾಕಬಾರದು ಅಂತ! ಇವತ್ತೂ ಅದನ್ನೇ ಅಂದ್ರೆ ವಕೀಲ ಸೋತಂಗೆ."

"ಹೋದ್ಸಲ ರಾಜ್ಯ ಆಳ್ತಿದ್ದೋರು ಯಾರೋ?"

"ಸಾಹೇಬ್ರ ಹಳೇ ದೋಸ್ತಿಗಳು. ಈಗ ಅವರು ಕೇಂದ್ರ ಆಳ್ತಿದ್ದಾರೆ, ರಾಜ್ಯ ಬೇರೆಯವರ ಕೈಲಿದೆ."

"ಹ್ಞೂಂ. ಹಿತ್ತಿಲು ತೋರ್ಸು."

ಹಿತ್ತಿಲಿಗೆ ದಾರಿ ಒಂದೇ, ತುಕ್ಕು ಹಿಡಿದ ಗೇಟು. ಎದೆಮಟ್ಟದ ಮುಳ್ಳುಗಿಡಗಳಲ್ಲಿ ಒಂದು ಕಡ್ಡಿಯೂ ಮುರಿದಿರಲಿಲ್ಲ. ಕೀಲಿಯನ್ನು ಜವಾನ ಕಿಟಕಿಯಿಂದಲೇ ಕೋಲು ಹಾಕಿ ಎತ್ತಿದ್ದನಂತೆ.

ಸಂಜೆ ಹಿರಿಯ ಜಡ್ಜಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ತಂಗಿ ಬಾಗಿಲ ಬಳಿ ಸೆರಗು ಹಿಂಡುತ್ತಿದ್ದಳು. ವಕೀಲ ಬೆವರುತ್ತಿದ್ದ.

"ಒಂದು ಮುಳ್ಳೂ ಮುರಿದಿಲ್ಲ, ಹಿತ್ತಿಲಿಗೆ ಯಾರೂ ಹೋಗಿಲ್ಲ" ಎಂದರು ದೊಡ್ಡಮ್ಮ. "ಅಂದ್ರೆ ಕೀಲಿ ಬಿದ್ದಿದ್ದು ಕೋಣೆಯ ಕಿಟಕಿಯಿಂದ. ಕೋಣೇಲಿ ಇದ್ದೋರು ಒಬ್ಬರೇ. ಗಾಬರಿಯಾದೋರು ಬೂಟು ಜೋಡಿಸಿಡಲ್ಲ, ಅರಚಿದೋರ ಗಂಟಲು ಹೀಗಿರಲ್ಲ."

"ನನ್ನನ್ನ ನಾನೇ ಕೂಡಿಹಾಕ್ಕೊಂಡೆ ಅಂತೀರಾ? ಯಾಕ್ರೀ?" ಕಿರಿಯ ಜಡ್ಜು ಎದ್ದು ನಿಂತರು.

"ಕೋರ್ಟು ಕೈ ಹಾಕಬಾರದು ಅಂತ ಇವತ್ತೂ ಅಂದ್ರೆ ದೋಸ್ತಿಗಳು ಮುನಿಸ್ಕೋತಾರೆ. ಕೈ ಹಾಕಿದ್ರೆ ಊರೆಲ್ಲ ನಿಮ್ಮ ಹಳೇ ಮಾತು ಎತ್ತಿ ಆಡ್ಕೋತಾರೆ. ದೋಸ್ತಿಗಳು ಕುರ್ಚಿ ಬದಲಾಯಿಸಿದ್ರು, ನಿಮಗೆ ಕೂರೋಕೆ ಕುರ್ಚೀನೇ ಇಲ್ದಂಗಾಯ್ತು. ತಪ್ಪಿಸ್ಕೊಳ್ಳೋದು ಸರಿ ಸ್ವಾಮಿ, ಆ ಹುಡುಗಿ ಅನ್ನಕ್ಕೆ ಯಾಕೆ ಕಲ್ಲು ಹಾಕಿದ್ರಿ?"

ಕಿರಿಯ ಜಡ್ಜು ಮತ್ತೆ ಕೂತರು.

ಹಿರಿಯರು ಕನ್ನಡಕ ತೆಗೆದರು. "ನಿಮ್ಮ ಈ ಆಟ ಮೇಲಿನವರಿಗೆ ಬರೀತೀನಿ. ಈ ಕೇಸಿಗೆ ಬೇರೆ ಜಡ್ಜು ಬರ್ತಾರೆ."

ತಂಗಿ ಮೆಲ್ಲಗೆ ಕೇಳಿದಳು: "ಅಣ್ಣಾ, ನಾಳೆ ನಾನು ಡ್ಯೂಟಿಗೆ ಬರಬಹುದಾ?"

ಉತ್ತರ ಹಿರಿಯರೇ ಕೊಟ್ಟರು: "ಬೇಗ ಬಾರಮ್ಮ. ಹೊಸಬರಿಗೆ ಕೋಣೆಗಳನ್ನ ತೋರಿಸ್ಬೇಕು."