ಮಾತ್ರೆ ಕೊಡಲೊಪ್ಪದವನು

"ಈ ನೋವಿನ ಮಾತ್ರೆ ನಿಮಗೆ ಕೊಡಲ್ಲ ಮೇಡಂ."

ದುರ್ಗಾಂಬಿಕಾಗೆ ತಾನು ಕೇಳಿಸಿಕೊಂಡದ್ದು ನಿಜವೇ ಅನಿಸಿತು. ನ್ಯಾಮತಿಯ ಆ ಮೆಡಿಕಲ್ ಅಂಗಡಿಯಲ್ಲಿ ಅವಳ ಹಿಂದೆ ನಾಲ್ಕು ಜನ ನಿಂತಿದ್ದರು. ದುಪಟ್ಟಾ ಎಳೆದು ಕತ್ತು ಮುಚ್ಚಿಕೊಂಡಳು. ಅಲ್ಲಿ ಬೆಳಿಗ್ಗೆಯಿಂದ ಕೆಂಪಗೆ ತುರಿಸುವ ಗಂಧೆ ಎದ್ದಿದ್ದವು.

ಅಂಗಡಿಯ ಓಬಳೇಶ್ ದನಿ ತಗ್ಗಿಸಿದ. "ನೋವಿನ ಮಾತ್ರೆ ಒಯ್ದ ಮಾರನೇ ದಿನ ತುರಿಕೆ ಮಾತ್ರೆಗೆ ಬರ್ತೀರಿ. ಮೂರು ಸಲ ನೋಡೀನಿ. ಇದ್ರಿಂದಲೇ ಅಂತ ಹೇಳಾಕೆ ನಾನು ಡಾಕ್ಟರ್ ಅಲ್ಲ. ಹೊನ್ನಾಳಿಗೆ ಹೋಗಿ ಚರ್ಮದ ಡಾಕ್ಟರಿಗೆ ಒಂದ್ಸಲ ತೋರಿಸ್ರಿ."

ಅವಳ ಕಿವಿಗೆ ಬಿದ್ದದ್ದು ಎರಡೇ ಮಾತು... ಚರ್ಮದ ಡಾಕ್ಟರ್! ನಾಲ್ಕು ಜನರ ಮುಂದೆ ಹೀಗನ್ನಬೇಕಿತ್ತೇ? ತಿರುಗಿ ನೋಡದೆ ಹೊರಟುಬಿಟ್ಟಳು.

ದುರ್ಗಾಂಬಿಕಾ ಜಗಳೂರು ಕಡೆಯವಳು. ತಾಯಿ ದುರುಗಕ್ಕನೊಂದಿಗೆ ನ್ಯಾಮತಿಗೆ ಬಂದು, ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದಳು. ದಿನವಿಡೀ ಮಷಿನ್ ಮೇಲೆ ಬಾಗಿ ಬಾಗಿ ಸೊಂಟ ಹಿಡಿಯುತ್ತಿತ್ತು. ಒಂದು ಮಾತ್ರೆ ನುಂಗಿ ಮತ್ತೆ ಕೂರುತ್ತಿದ್ದಳು.

ಎಂಟು ತಿಂಗಳಿಂದ ಮೈಮೇಲೆ ಈ ಪಿತ್ತಗಂಧೆ ಬೇರೆ. ತೋಳಲ್ಲಿ ಎದ್ದದ್ದು ಕೆಲವೇ ಗಂಟೆಯಲ್ಲಿ ಮಾಯವಾಗಿ ಹೊಟ್ಟೆಯ ಮೇಲೆ ಏಳುತ್ತಿತ್ತು. ದುರುಗಕ್ಕ ಕಂಬಳಿಯಿಂದ ಉಜ್ಜಿದಳು, ದೊಡ್ಡಪತ್ರೆ ರಸ ಹಚ್ಚಿದಳು, ಬದನೆಕಾಯಿ, ಶೇಂಗಾ, ಮೀನು ಎಲ್ಲ ಬಿಡಿಸಿದಳು. ಗಂಧೆ ಮಾತ್ರ ಬಿಡಲಿಲ್ಲ.

ಚನ್ನಗಿರಿಯಿಂದ ಹೆಣ್ಣು ನೋಡಲು ಬಂದವರು ಅವಳ ಕತ್ತು ನೋಡಿ ಅರ್ಧ ಕಾಫಿಗೇ ಎದ್ದುಹೋಗಿದ್ದರು. ಅಂದಿನಿಂದ ಮದುವೆಯ ಮಾತೆತ್ತಿದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳು.

ಮೆಡಿಕಲ್ ಅಂಗಡಿಯ ಘಟನೆಯಾಗಿ ವಾರ ಕಳೆದಿರಲಿಲ್ಲ, ರೇವಣ್ಣನ ಮನೆಯವರು ಮಗಳ ಮದುವೆಗೆಂದು ಕೊಟ್ಟಿದ್ದ ಹನ್ನೆರಡು ರವಿಕೆ ಬಟ್ಟೆಯನ್ನು ವಾಪಸ್ ಒಯ್ದರು. ನಿಮ್ಮ ಮೈಮೇಲೆ ಏನೋ ಐತಂತೆ, ಮದುವೆ ಮನೆ ನೋಡಿ ಎಂದು ಮೆಲ್ಲಗೆ ಅಂದರು.

ಯಾರು ಹೇಳಿದರು ಎಂದು ಅವಳು ಕೇಳಲೇ ಇಲ್ಲ. ಮತ್ಯಾರು... ಆ ಮೆಡಿಕಲ್ ಅಂಗಡಿಯವನೇ!

ಎರಡು ದಿನದ ಮೇಲೆ ಓಬಳೇಶನೇ ಅವಳ ಅಂಗಡಿಗೆ ಬಂದ. ಕೈಯಲ್ಲಿ ಹೊನ್ನಾಳಿಯ ಡಾಕ್ಟರ ಹೆಸರು, ಸಮಯ ಬರೆದ ಚೀಟಿಯಿತ್ತು.

"ನನ್ನ ಸುದ್ದಿ ಊರಿಗೆಲ್ಲ ಹಂಚಿದ್ದು ಸಾಲಲಿಲ್ವಾ?" ಅವಳ ದನಿ ನಡುಗಿತು.

ಅವನು ಏನೋ ಹೇಳಹೋದವನು ಅವಳ ಮುಖ ನೋಡಿ ನಿಲ್ಲಿಸಿದ. ಚೀಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಆ ಮೌನವನ್ನೇ ಅವಳು ತಪ್ಪೊಪ್ಪಿಗೆ ಎಂದುಕೊಂಡಳು.

ಮುಂದಿನ ಸಂತೆಯ ದಿನ ಸೊಂಟ ಮತ್ತೆ ಹಿಡಿಯಿತು. ಹಟದಿಂದಲೇ ಬೇರೆ ಅಂಗಡಿಯಲ್ಲಿ ಅದೇ ಮಾತ್ರೆ ತಂದು ನುಂಗಿದಳು.

ಒಂದು ಗಂಟೆಯೂ ಆಗಿರಲಿಲ್ಲ. ಅಂಗೈ ಉರಿಯಿತು, ಮೈತುಂಬ ಗಂಧೆ ಎದ್ದವು. ಕಣ್ಣಿನ ರೆಪ್ಪೆ ಊದಿತು, ತುಟಿ ದಪ್ಪವಾಯಿತು. ಗಂಟಲು ಬಿಗಿದು ದನಿಯೇ ಹೊರಡದಾಯಿತು. ಕತ್ತರಿ ಕೈಜಾರಿ ನೆಲಕ್ಕೆ ಬಿತ್ತು.

ಸದ್ದಿಗೆ ಇಣುಕಿದ ಪಕ್ಕದ ಹೂವಿನಂಗಡಿಯ ಕೆಂಪಕ್ಕ, ಅವಳ ಮುಖ ಕಂಡವಳೇ ಎದುರು ರಸ್ತೆಯ ಮೆಡಿಕಲ್ ಅಂಗಡಿಗೆ ಓಡಿ ಓಬಳೇಶನನ್ನು ಕರೆದಳು. ಅವನು ಅಂಗಡಿ ತೆರೆದಿಟ್ಟೇ ಆಟೋ ತಂದ. ಏನು ನುಂಗಿದಳೆಂದು ಡಾಕ್ಟರಿಗೆ ಗೊತ್ತಾಗಬೇಕು, ಮೇಜಿನ ಮೇಲಿನ ಮಾತ್ರೆ ಸ್ಟ್ರಿಪ್ ತಗೊಂಡು ಬನ್ನಿ ಎಂದು ಕೆಂಪಕ್ಕನಿಗೆ ಹೇಳಿದ. ದಾರಿಯುದ್ದಕ್ಕೂ ದುರ್ಗಾಂಬಿಕಾಳ ಬೆನ್ನಿಗೆ ಕೈ ಆನಿಸಿ ಕೂರಿಸಿದ್ದ.

"ಮಾತಾಡಬ್ಯಾಡ್ರಿ. ಉಸಿರಾಡ್ತಾ ಇರ್ರಿ, ಸಾಕು... ಬಂದೇಬಿಡ್ತು ಆಸ್ಪತ್ರೆ."

ಇಂಜೆಕ್ಷನ್ ಆಯಿತು. ಸ್ವಲ್ಪ ಹೊತ್ತಿಗೆ ಗಂಟಲು ಸಡಿಲವಾಗಿ, ಉಸಿರು ಸಲೀಸಾಯಿತು. ಸಂಜೆವರೆಗೆ ಇಲ್ಲೇ ಇರಬೇಕು, ಮತ್ತೆ ಊದಬಹುದು ಎಂದರು ಡಾಕ್ಟರು.

ಓಬಳೇಶ್ ದುರುಗಕ್ಕನನ್ನು ಕರೆತರಲು ಹೋದಾಗ ಕೆಂಪಕ್ಕ ಮಂಚದ ಪಕ್ಕ ಕೂತು ಬಾಯಿಬಿಟ್ಟಳು. ಸುದ್ದಿ ಹಬ್ಬಿಸಿದ್ದು ಚನ್ನಗಿರಿಯಿಂದ ಹೆಣ್ಣು ನೋಡಲು ಬಂದವರಂತೆ. ಅವರು ರೇವಣ್ಣನಿಗೆ ಬೀಗರ ಕಡೆಯವರು. ರೇವಣ್ಣನ ಹೆಂಡತಿ ಬಂದು ಇದು ಅಂಟುತ್ತದೆಯೇ ಎಂದು ಓಬಳೇಶನನ್ನೇ ಕೇಳಿದ್ದಳಂತೆ. ಇದು ಅಂಟುಜಾಡ್ಯವಲ್ಲ, ನಮ್ಮ ಮನೆಯಲ್ಲಿ ಮದುವೆಯಾದರೆ ರವಿಕೆಯೆಲ್ಲ ಅವರ ಕೈಯಲ್ಲೇ ಹೊಲಿಸುತ್ತೇನೆ ಎಂದು ಅವನು ಅಂಗಡಿ ತುಂಬ ಜನರ ಮುಂದೆ ಹೇಳಿದ್ದನಂತೆ.

ದುರ್ಗಾಂಬಿಕಾ ಗೋಡೆಯ ಕಡೆ ಮುಖ ತಿರುಗಿಸಿದಳು. ಊದಿದ ಕಣ್ಣಿಂದ ನೀರು ಹರಿಯಿತು. ಎಂಥ ಮಾತಾಡಿಬಿಟ್ಟೆ ನಾನು...

ಅವನು ಬಂದಾಗ ಕೇಳಿದಳು. "ಅವತ್ತು ಯಾಕೆ ಸುಮ್ನೆ ಹೋದ್ರಿ?"

"ನೀವು ಅತ್ತೇಬಿಡೋ ಹಂಗಿದ್ರಿ. ನಂದೇ ಸರಿ ಅಂತ ಸಾಧಿಸಾಕೆ ಅದು ಹೊತ್ತಲ್ಲ ಅನ್ನಿಸ್ತು."

"ತಪ್ಪಾಯ್ತು ನಂದು."

"ಹುಷಾರಾದ್ರಲ್ಲ, ಅಷ್ಟು ಸಾಕು," ಎಂದನವನು.

ಮರುವಾರ ತಾಯಿ ಮಗಳು ಹೊನ್ನಾಳಿಗೆ ಹೋದರು. ಚರ್ಮದ ಡಾಕ್ಟರ್ ಮೇಘಶ್ರೀ ಒಂದೊಂದೇ ಕೇಳುತ್ತ ಹೋದರು. ಗಂಧೆ ಯಾವಾಗ ಏಳುತ್ತದೆ, ಬಿಸಿಲಿಗಾ, ಬೆವರಿಗಾ, ಬಿಗಿ ಬಟ್ಟೆಗಾ, ಚಿಂತೆ ಹೆಚ್ಚಾದಾಗಲಾ? ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಅದು ಸರಿಯಿತ್ತು. ಆ ಜಾತಿಯ ನೋವಿನ ಮಾತ್ರೆಗಳು ಗಂಧೆ ಕೆರಳಿಸುವುದು ಖಚಿತ, ಅವನ್ನು ಮುಟ್ಟಲೇಬೇಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಗಂಧೆಯ ಮೂಲ ಬಹಳ ಜನರಿಗೆ ಸಿಗುವುದೇ ಇಲ್ಲ, ಆದರೂ ಹತೋಟಿಗೆ ತರಬಹುದು ಎಂದು ಹೆಚ್ಚು ನಿದ್ದೆ ತರದ ಮಾತ್ರೆಯೊಂದನ್ನು ದಿನಾ ನುಂಗಲು ಕೊಟ್ಟರು. ಉಜ್ಜಬೇಡಿ, ತಣ್ಣೀರ ಬಟ್ಟೆ ಇಡಿ, ಸಡಿಲ ಉಡುಪು ಹಾಕಿ, ಸುಮ್ಮಸುಮ್ಮನೆ ಊಟ ಬಿಡಬೇಡಿ ಎಂದರು. ತುಟಿ ಊದಿದರೆ, ಉಸಿರು ಕಟ್ಟಿದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಆ ರಾತ್ರಿ ದುರುಗಕ್ಕ ಎಂಟು ತಿಂಗಳ ಮೇಲೆ ಎಣ್ಣೆಗಾಯಿ ಮಾಡಿದಳು. ಮಗಳು ಮೂರು ರೊಟ್ಟಿ ತಿಂದಳು.

ಸೊಂಟಕ್ಕೆ ದಾರಿ ಕಂಡುಹಿಡಿದವನು ಓಬಳೇಶ್. ಮಷಿನ್ ಮೇಜಿನ ಕಾಲುಗಳಿಗೆ ಹಲಗೆ ಕೊಟ್ಟು ಎತ್ತರಿಸಿದ. ಬಾಗುವುದು ತಪ್ಪಿತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನು ಬಂದು ಎರಡು ಮಾತಾಡಿ ಹೋಗುವುದು ರೂಢಿಯಾಯಿತು. ಅವನು ಬಾರದ ದಿನ ಅವಳ ಹೊಲಿಗೆ ಸೊಟ್ಟಗಾಗುತ್ತಿತ್ತು.

ವಾರಕ್ಕೆ ನಾಲ್ಕು ದಿನ ಏಳುತ್ತಿದ್ದ ಗಂಧೆ ತಿಂಗಳಿಗೊಮ್ಮೆಗೆ ಇಳಿಯಿತು. ಆರು ತಿಂಗಳು ಕಳೆದಿತ್ತು. ಒಂದು ಮಧ್ಯಾಹ್ನ ಅವನು ಬಂದವನು ಕೂರಲಿಲ್ಲ.

"ನನ್ನ ಮದುವೆ ಆಗ್ತೀರಾ?"

ಅವಳ ಕೈ ಮಷಿನ್ ಚಕ್ರದ ಮೇಲೇ ನಿಂತಿತು. ಎಷ್ಟು ದಿನದಿಂದ ಕಾದಿದ್ದ ಮಾತು... ಆದರೂ ಎದೆಯಲ್ಲಿ ಹಳೆಯ ಅಳುಕು. ಮೆಲ್ಲನೆ ತೋಳು ಸರಿಸಿ ತೋರಿಸಿದಳು. ಮೊಣಕೈ ಹತ್ತಿರ ಎರಡು ಕೆಂಪು ಗಂಧೆ.

"ಇವತ್ತು ಮತ್ತೆ ಬಂದೈತೆ ನೋಡ್ರಿ. ಪೂರ್ತಿ ಹೋದ ಮ್ಯಾಲೆ ಕೇಳ್ರಿ."

"ಹೋಗೋದು ಹೋಗ್ಲಿ, ಇರೋದು ಇರ್ಲಿ. ಅದು ಹೋಗೋವರೆಗೂ ದೂರ ನಿಂತು ಕಾಯಾಕೆ ನನ್ನಿಂದ ಆಗಲ್ಲ."

ಅವಳು ತೋಳು ಮುಚ್ಚಿಕೊಳ್ಳಲಿಲ್ಲ. ಅಷ್ಟು ದಿನದಲ್ಲಿ ಮೊದಲ ಸಲ, ಒಬ್ಬರೆದುರು ಅದನ್ನು ಮುಚ್ಚಿಕೊಳ್ಳಬೇಕು ಎಂದೇ ಅನಿಸಲಿಲ್ಲ.

"ಅವ್ವನ ಹತ್ರ ನೀವು ಹೇಳ್ತೀರಾ, ನಾನೇ ಹೇಳ್ಲಾ?" ಎಂದಳು ತಲೆ ತಗ್ಗಿಸಿ.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಮುಖವೆಲ್ಲ ಅರಳಿತು.

"ಇಬ್ರೂ ಹೋಗಾಣ."

"ಈಗ್ಲೇನಾ? ಇನ್ನೂ ಮೂರೇ ಗಂಟೆ ಆಗೈತೆ..."

"ಈಗ್ಲೇ. ಅಂಗಡಿ ಬಾಗಿಲು ಹಾಕ್ರಿ."