ಎಡಗೈ ಚಾಚಿದವನು

"ನಮಸ್ಕಾರ್ರಿ ಟೀಚರ್!" ಎಂದು ನಗುತ್ತ ಅವನು ಕೈ ಚಾಚಿದ.

ಎಡಗೈ!

ಮೈತ್ರಿ ಆ ಕೈಯನ್ನೇ ದಿಟ್ಟಿಸಿದಳು. ಈಗಷ್ಟೇ ಅದೇ ಕೈಯಿಂದ ಅವನು ಎಲ್‌ಕೆಜಿ ಹುಡುಗನೊಬ್ಬನ ಸಿಂಬಳ ಒರೆಸಿದ್ದ. ಕರವಸ್ತ್ರದಿಂದಲೇ ಒರೆಸಿದ್ದ ಅನ್ನಿ. ಆದರೂ... ಛೀ!

ಹೋಗಲಿ, ಸಿಂಬಳದ ಮಾತು ಬಿಡೋಣ. ಯುಕೆಜಿ ಟೀಚರಿಗೆ ಸಿಂಬಳ ಹೊಸದೇನಲ್ಲ. ಅವಳಿಗೆ ಹೇಸಿಗೆಯಾದದ್ದು ಬೇರೆಯದಕ್ಕೆ. ಈ ಮನುಷ್ಯ ಹೆಡ್ ಮೇಡಂ ಗುಲ್ಶನ್ ಅವರಿಗೆ ಎರಡೂ ಕೈ ಜೋಡಿಸಿದ್ದ. ಅಂಗಳದಲ್ಲಿ ಕೂತಿದ್ದ ತಾಯಿತಂದೆಯರಿಗೆಲ್ಲ ಕೈ ಜೋಡಿಸಿದ್ದ. ಗೇಟು ಕಾಯುವ ಮುದುಕ ಬಾಬುಮಿಯಾಗೂ ಬಾಗಿ ಸಲಾಂ ಹೇಳಿದ್ದ. ಅವಳೊಬ್ಬಳಿಗೆ ಮಾತ್ರ ಎಡಗೈ!

"ಕೈಗಿ ಚಾಕ್‌ಪೀಸ್ ಹತ್ಯದ ಸರ್," ಎಂದು ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಅವನು ಸುಮ್ಮನೆ ನಕ್ಕು ಅದನ್ನು ಹಿಂದಕ್ಕೆ ತೆಗೆದುಕೊಂಡ.

ವಾಡಿಯ ಆ ಶಾಲೆಯಲ್ಲಿ ಅವತ್ತು ಶನಿವಾರದ ಸಭೆ. ಸ್ಕೌಟ್ಸ್ ಗೈಡ್ಸ್‌ನಲ್ಲಿ ಎಲ್ಲಕ್ಕಿಂತ ಚಿಕ್ಕವರದೊಂದು ಗುಂಪಿದೆ, ಇನ್ನೂ ಒಂದನೇ ತರಗತಿ ಮುಟ್ಟದ ಕೂಸುಗಳದು. ಅವರನ್ನು ಬನ್ನಿಗಳು, ಅಂದರೆ ಮೊಲದ ಮರಿಗಳು ಅಂತಾರೆ. ಆ ಗುಂಪನ್ನು ಮಕ್ಕಳಿಗೂ ಹೆತ್ತವರಿಗೂ ಪರಿಚಯಿಸಲು ಸೇಡಂನಿಂದ ಬಂದವನೇ ಈ ಅಜಯಕುಮಾರ. ಮೈತ್ರಿಯನ್ನು ಗುಂಪು ನಡೆಸುವ 'ಆಂಟಿ' ಮಾಡುವುದೆಂದು ಮೇಡಂ ಮೊದಲೇ ಠರಾಯಿಸಿಬಿಟ್ಟಿದ್ದರು. ಬೆಳಿಗ್ಗೆ ಎಲ್ಲಿಂದಲೋ ಒಂದು ಸ್ಕಾರ್ಫ್ ತಂದು ಅವಳ ಕೊರಳಿಗೆ ಕಟ್ಟಿದ್ದೂ ಅವರೇ.

"ನಾ ಟ್ರೇನಿಂಗ್‌ಗಿ ಹೋಗೇ ಇಲ್ಲಲ್ರಿ ಮೇಡಂ?"

"ಮುಂದ ಹೋಗೀಯಂತ ಬಾ. ಈಗ ಹಾಕ್ಕೋ, ಫೋಟೋ ಚಂದ ಬರ್ತದ."

ಹಾಕಿಕೊಂಡಿದ್ದಳು. ಗೇಟಿನಲ್ಲಿ ಮೊಣಕಾಲೂರಿ ಕೂತು ಮಕ್ಕಳ ಜೊತೆ ಮಾತಾಡುತ್ತಿದ್ದ ಆ ಹೊಸಬನ ನಗು ಕಂಡಾಗ ಅವಳ ಎದೆ ಒಮ್ಮೆ ಝಲ್ಲೆಂದದ್ದೂ ನಿಜ. ಈಗ ಅದು ನೆನಪಾಗಿ ತನ್ನ ಮೇಲೇ ಹೇಸಿಗೆಯಾಯಿತು.

"ನಾ ಅಜಯಕುಮಾರ ಜಗದೇವಪ್ಪ ಪಾಟೀಲ," ಎಂದು ಅವನು ಸಭೆಗೆ ಹೇಳಿಕೊಂಡ.

'ಪಾಟೀಲ! ಹಂಗ ಹೇಳಪಾ ಮತ್ತ... ಮೇಡಂ ಮೈತ್ರಿ ಅಂತ ಬೌದ್ಧರ ಹೆಸರು ಹೇಳಿದ ಕೂಡ್ಲೆ ನನ್ನ ಜಾತಿ ಗೊತ್ತಾಗ್ಯದ ಇವಂಗ!'

ಅಷ್ಟರಲ್ಲಿ ಬಾಬುಮಿಯಾ ಎಲ್ಲರಿಗೂ ಚಾ ತಂದ. ಅಜಯಕುಮಾರ ಶಾಲೆಯ ಕಪ್ಪು ಮುಟ್ಟಲಿಲ್ಲ. ಚೀಲದಿಂದ ತನ್ನದೇ ಒಂದು ಸ್ಟೀಲ್ ಲೋಟ ತೆಗೆದು, "ನನಗ ಇದರಾಗ ಹಾಕ್ರಿ ಚಾಚಾ" ಎಂದ.

ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತಾಯಿತು. ನಮ್ಮ ಕಪ್ಪು ಬಾಯಿಗೆ ಹತ್ತಿದರೆ ಮೈಲಿಗೆಯಾಗುತ್ತದೆಯೋ ಇವನಿಗೆ? ಹುಳ ಬಿದ್ದ ಅಕ್ಕಿಯನ್ನು ನೋಡಿದಂತೆ ಅವನನ್ನು ನೋಡಿ ಅವಳು ಮುಖ ತಿರುಗಿಸಿದಳು. ಅವನು ಮಕ್ಕಳೊಂದಿಗೆ ಮೊಲದಂತೆ ಕುಪ್ಪಳಿಸುತ್ತಿದ್ದ. ಅದೂ ಅವಳಿಗೆ ನಾಟಕವಾಗಿಯೇ ಕಂಡಿತು.

ಭಂಕೂರದ ಮನೆಯಲ್ಲಿ ಅವಳಿಗೆ ಇದ್ದವಳು 'ಆಯಿ' ಎಂದು ಕರೆಯುವ ಅಜ್ಜಿ ಅನಸುಬಾಯಿ ಒಬ್ಬಳೇ. ಪ್ರಾಯದಲ್ಲಿ ನೆಲಹಾಸಿನ ಫರಸಿ ಕಲ್ಲು ಹೊತ್ತ ಜೀವ. ಕಲ್ಲುಗಣಿಯ ಧಣಿಯ ಮನೆಯಲ್ಲಿ ಮಧ್ಯಾಹ್ನದ ರೊಟ್ಟಿಯನ್ನು ಎಡಗೈಯಿಂದ, ಅದೂ ಮೇಲಿನಿಂದ ಬಿಡುತ್ತಿದ್ದರು. ಚಾ ಕುಡಿಯಲು ದನದ ಕೊಟ್ಟಿಗೆಯ ಗೂಡಿನಲ್ಲಿ ಹಿಡಿ ಮುರಿದ ಕಪ್ಪೊಂದಿತ್ತು. ಕುಡಿದವಳೇ ತೊಳೆದು ಅಲ್ಲಿಯೇ ಇಡಬೇಕು. "ಎಡಗೈಲಿಂದ ಕೊಟ್ಟಿದ್ದು ಅಮೃತ ಇದ್ರೂ ತಗೋಬ್ಯಾಡ ನನ್ನವ್ವ," ಎಂಬ ಆಯಿಯ ಮಾತು ಕೇಳುತ್ತಲೇ ಬೆಳೆದವಳು ಮೈತ್ರಿ.

ಹೀಗಾಗಿ ಪೂನಮ್ ಎಂಬ ಪುಟ್ಟ ಹುಡುಗಿಯ ತಾಯಿ, "ಟೀಚರ್, ಕೂಸಿಗಿ ಇದರಾಗ ಸೇರಸ್ಲೇನ್ರಿ?" ಎಂದು ಕೇಳಿದಾಗ ಅವಳು ಹಿಂದುಮುಂದು ನೋಡಲಿಲ್ಲ.

"ನನ್ನ ಕೇಳಿದ್ರ ಬ್ಯಾಡ್ರಿ. ಎಡಗೈ ಕೊಡೋ ಮನಷ್ಯಾ ಮಕ್ಕಳಿಗಿ ಏನು ಕಲಸ್ತಾನ?"

ಟೀಚರ್ ಬೇಡವೆಂದರಂತೆ! ಮಾತು ಓಣಿಯಿಂದ ಓಣಿಗೆ ಹಬ್ಬಿತು. ಮುಂದಿನ ಶನಿವಾರ ಅಂಗಳಕ್ಕೆ ಬಂದದ್ದು ಮೂರೇ ಮಕ್ಕಳು. "ಹಿಂಗೇ ಆದ್ರ ಬಂದ್ ಮಾಡೋದೇ ಛಲೋ," ಎಂದು ಗುಲ್ಶನ್ ಮೇಡಂ ನಿಟ್ಟುಸಿರು ಬಿಟ್ಟರು. ಮೈತ್ರಿಗೆ ಒಳಗೊಳಗೇ ಸಮಾಧಾನ. ಪೀಡೆ ತೊಲಗಿತು!

ಬಂದ ಮೂವರಲ್ಲಿ ಪೂನಮ್ ಒಬ್ಬಳು. ಮನೆಯಲ್ಲಿ ಅತ್ತು ರಂಪ ಮಾಡಿ ಬಂದಿದ್ದಳಂತೆ. ಶಾಲೆ ಶುರುವಾದಾಗಿನಿಂದ ತರಗತಿಯಲ್ಲಿ ಒಂದು ಮಾತೂ ಆಡದ ಕೂಸು ಅದು. ಮೈತ್ರಿ ಎಷ್ಟು ಮುದ್ದು ಮಾಡಿದರೂ ತುಟಿ ಬಿಚ್ಚಿರಲಿಲ್ಲ. ಅದೀಗ ತಾನಾಗಿ ಹತ್ತಿರ ಬಂದು, ನಗುತ್ತ, ಪುಟ್ಟ ಎಡಗೈ ಚಾಚಿತು.

ಮೈತ್ರಿಯ ಸಿಟ್ಟು ನೆತ್ತಿಗೇರಿತು. ಆ ಕೈಯನ್ನು ಪಟ್ಟನೆ ಹೊಡೆದು ಸರಿಸಿದಳು.

"ಹೊಲಸು! ಎಡಗೈ ಯಾರಿಗೂ ಕೊಡಬಾರ್ದು!"

ಕೂಸಿನ ನಗು ಆರಿಹೋಯಿತು. ಆಮೇಲೆ... ಅದು ಮಾತಾಡಿತು!

"ಢಾಲು ಕೆಳಗ ಇಟ್ಟೀನಿ ಟೀಚರ್... ನಮ್ಮವ್ರಿಗಿ ಅಷ್ಟೇ ಕೊಡಬೇಕಂತ."

"ಏನು... ಏನಂದಿ?"

"ಟೀಚರ್, ಕೂಸಿಗ್ಯಾಕ ಹೊಡಿತೀರಿ?" ಅಜಯಕುಮಾರ ಓಡಿ ಬಂದಿದ್ದ. "ಬೈಯೋದಿದ್ರ ನನ್ನ ಬೈರಿ."

"ಬೈತೀನಿ! ಎಲ್ಲಾರಿಗೂ ಕೈ ಮುಗದ್ರಿ, ನನಗೊಬ್ಬಾಕಿಗಿ ಎಡಗೈ ಕೊಟ್ರಿ. ನಮ್ಮ ಕಪ್ಪು ಮುಟ್ಟಲಿಲ್ಲ, ಮನಿಲಿಂದ ಲೋಟ ತಂದ್ರಿ. ನಮ್ಮ ಆಯಿಗಿ ಧಣಿ ಮನ್ಯಾಗ ಹಿಂಗೇ ಮಾಡ್ತಿದ್ರು, ಪಾಟೀಲರೇ! ಹೇಸಿಗಿ ಬರ್ತದ ನನಗ ನಿಮ್ಮನ್ನ ನೋಡಿದ್ರ... ಹೇಸಿಗಿ!"

ಅವನ ಮುಖ ಬಿಳಿಚಿಕೊಂಡಿತು.

"ನಿಮ್ಮ ಕೊರಳಾಗ ಸ್ಕಾರ್ಫ್ ಇತ್ತಲ್ರಿ..." ಎಂದ ಮೆಲ್ಲಗೆ. "ಸ್ಕೌಟಿನವ್ರು ಒಬ್ರಿಗೊಬ್ರು ಎಡಗೈನೇ ಕೊಡ್ತಾರ. ದುನಿಯಾದಾಗ ಎಲ್ಲಿ ಹೋದ್ರೂ ಹಂಗೇ. ಎಡಗೈದಾಗಿನ ಢಾಲು ಕೆಳಗ ಇಟ್ಟೀನಿ, ನಿನ್ನ ಮ್ಯಾಲ ನಂಬಿಕಿ ಅದ ಅಂತ ಅದರ ಅರ್ಥ. ಅವತ್ತು ಅಂಗಳದಾಗ ಸ್ಕಾರ್ಫ್ ಹಾಕ್ಕೊಂಡವ್ರು ನೀವೊಬ್ರೇ ಇದ್ರಿ. ನಮ್ಮವ್ರು ಸಿಕ್ರು ಅಂತ ಖುಷಿಲಿಂದ ಕೈ ಕೊಟ್ಟೆ."

"ಮತ್ತ... ಲೋಟ?"

"ಕ್ಯಾಂಪಿನ ರೂಢಿ ಅದು. ನಮ್ಮ ಲೋಟ ನಾವೇ ಒಯ್ಯಬೇಕು, ನಾವೇ ತೊಳಿಬೇಕು. ಎಲ್ಲಿ ಹೋದ್ರೂ ಚೀಲದಾಗೇ ಇರ್ತದ."

ಮೈತ್ರಿ ಪೂನಮ್ ಕಡೆ ನೋಡಿದಳು.

"ಆದ್ರ ತಪ್ಪು ನಂದೂ ಅದ," ಎಂದು ಅವನು ತಲೆ ತಗ್ಗಿಸಿದ. "ನಮ್ಮ ಮನ್ಯಾಗೂ ಆಳುಗಳಿಗಿ ಬ್ಯಾರೇ ಕಪ್ಪು ಇತ್ರಿ. ಸಣ್ಣಾಂವ ಇದ್ದಾಗ ಕಣ್ಣಾರೆ ನೋಡೀನಿ. ಇಷ್ಟು ಗೊತ್ತಿದ್ದವ ನಾ ಮೊದಲ ಅರ್ಥ ಹೇಳಿ, ಆಮ್ಯಾಲ ಕೈ ಚಾಚಬೇಕಿತ್ತು. ನಿಮ್ಮ ಮನಸ್ಸಿಗಿ ಭಾಳ ನೋವಾಗ್ಯದ. ಮಾಫಿ ಇರ್ಲಿ."

ಅವನು ಹಾಗೆ ಮಾಫಿ ಕೇಳುವ ಬದಲು ಜಗಳ ಆಡಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ. ತನ್ನ ಬಲಗೈಯನ್ನು ನೋಡಿಕೊಂಡಳು. ಕೂಸಿನ ಕೈ ಹೊಡೆದು ತಳ್ಳಿದ ಕೈ ಅದು. 'ಹೊಲಸಾಗಿದ್ದು ಯಾವ ಕೈ ಮೈತ್ರಿ? ಸಣ್ಣ ಕೂಸು ಕೈ ಕೊಟ್ರ ದೂಡಿದಿಯಲ್ಲ... ನಿನಗೂ ಆ ಧಣಿ ಮನಿಯವ್ರಿಗೂ ಏನು ಫರಕ?' ಇಷ್ಟು ದಿನ ಅವನ ಮೇಲೆ ಕಾರಿದ ಹೇಸಿಗೆಯೆಲ್ಲ ಈಗ ತನ್ನ ಮೇಲೆಯೇ ಬಂದು ಬಿತ್ತು.

ಅವಳು ಪೂನಮ್ ಮುಂದೆ ಮೊಣಕಾಲೂರಿ ಕೂತಳು. ಕಣ್ಣು ತುಂಬಿತ್ತು.

"ನಾನೂ ಢಾಲು ಕೆಳಗ ಇಟ್ಟೆ ನನ್ನವ್ವ," ಎಂದು ಎಡಗೈ ಚಾಚಿದಳು.

ಕೂಸು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಕೈ ಕೊಟ್ಟಿತು. ಮಕ್ಕಳು ದೊಡ್ಡವರಷ್ಟು ಲೆಕ್ಕ ಇಡುವುದಿಲ್ಲ ನೋಡಿ!

ಆ ವಾರವೆಲ್ಲ ಶಾಲೆ ಬಿಟ್ಟ ಮೇಲೆ ಮೈತ್ರಿ ಮನೆಮನೆ ತಿರುಗಿದಳು. "ತಪ್ಪು ನಂದೇ ಅದ, ಕೂಸಿಗಿ ಕಳಸ್ರಿ," ಎಂದು ಪ್ರತಿ ಬಾಗಿಲಲ್ಲೂ ಹೇಳಿದಳು. ಕೆಲವರು ಮುಖ ತಿರುವಿದರು, ಕೆಲವರು ನಕ್ಕರು. ಆದರೆ ಅಂಗಳ ಮತ್ತೆ ತುಂಬಿತು. ಅವಳು ಟ್ರೇನಿಂಗ್‌ಗೂ ಹೋಗಿಬಂದಳು. ಶನಿವಾರ ಬಂತೆಂದರೆ ಸೇಡಂ ಕಡೆಯ ಗಾಡಿ ಬಂದಿತೋ ಇಲ್ಲವೋ ಎಂದು ಕಿವಿ ಸ್ಟೇಷನ್ನಿನತ್ತಲೇ ಇರುತ್ತಿತ್ತು. ಅವಳು ಅವನನ್ನು ಪ್ರೀತಿಸುತ್ತಿದ್ದಳು. ಅದು ಬಾಬುಮಿಯಾಗೂ ಗೊತ್ತಿತ್ತು, ಗೊತ್ತಿಲ್ಲದವನು ಅಜಯಕುಮಾರನೊಬ್ಬನೇ!

ಹೇಳಲು ಮಾತ್ರ ಬಾಯಿ ಬರಲಿಲ್ಲ. 'ಹೇಸಿಗಿ ಬರ್ತದ ಅಂದಾಕಿ ನಾನು... ಇನ್ನ ಯಾವ ಬಾಯಿಲೆ ಹೇಳ್ಲಿ? ಆಯಿ ಪಾಟೀಲರ ಹುಡುಗನ್ನ ಹೊಸ್ತಿಲ ದಾಟಸ್ಕೋತಾಳಾ?'

ದೀಪಾವಳಿ ಕಳೆದ ಮೇಲೆ ಮಕ್ಕಳು ಪ್ರತಿಜ್ಞೆ ತೆಗೆದುಕೊಳ್ಳುವ ದಿನ ಬಂತು. ಹೆತ್ತವರೆಲ್ಲ ಬಂದಿದ್ದರು. ಭಂಕೂರದಿಂದ ಅನಸುಬಾಯಿಯೂ ಬಂದಿದ್ದಳು. "ಯಾರಪಾ ಆ ಎಡಗೈ ಪಾಟೀಲ? ನೋಡೇ ಬಿಡ್ತೀನಿ!" ಎಂದು ಹಟ ಹಿಡಿದಿದ್ದಳು.

ಅಜಯಕುಮಾರ ಅವಳ ಮುಂದೆ ಬಂದು ನಿಂತ. ಕೈ ಚಾಚಲಿಲ್ಲ.

"ಆಯಿ, ಯಾವ ಕೈ ಕೊಡ್ಲಿ? ನೀವೇ ಹೇಳ್ರಿ."

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕೈ ಇರ್ಲಿ. ನಿನ್ನ ಲೋಟ ಎಲ್ಲದ? ಅದರಾಗ ಚಾ ತಾ."

ಅವನು ತಂದುಕೊಟ್ಟ. ಅವಳು ಸೊರ್ರೆಂದು ಅರ್ಧ ಕುಡಿದು, ಲೋಟವನ್ನು ಅವನತ್ತ ಹಿಡಿದಳು.

"ಉಳದಿದ್ದು ನೀ ಕುಡಿ."

ಮೈತ್ರಿ ಲೋಟವನ್ನೇ ನೋಡಿದಳು. ಎಂಜಲು! ಎಲೆಅಡಿಕೆ ಜಗಿದು ಕೆಂಪಾದ ಆಯಿಯ ತುಟಿಯ ಗುರುತು ಲೋಟದ ಅಂಚಿನಲ್ಲಿ ಕಾಣುತ್ತಿತ್ತು. ಒರೆಸುತ್ತಾನೆ... ಈಗ ಒರೆಸುತ್ತಾನೆ...

ಒರೆಸಲಿಲ್ಲ. ಆ ಗುರುತಿನ ಮೇಲೆಯೇ ತುಟಿ ಇಟ್ಟು ಕೊನೆಯ ಗುಟುಕಿನವರೆಗೂ ಕುಡಿದ. ಮೇಲೆ, "ಸಕ್ರಿ ಕಮ್ಮಿ ಅದ ಆಯಿ," ಎಂದ!

ಅನಸುಬಾಯಿ ಬೊಚ್ಚು ಬಾಯಿ ತೆರೆದು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಈಗ ಕೊಡಪಾ ಎಡಗೈ."

ಸಂಜೆ ಗೇಟಿನ ಬಳಿ ಮೈತ್ರಿ ಅವನನ್ನು ಬೀಳ್ಕೊಡಲು ಬಂದಳು. ಎಡಗೈ ಚಾಚಿದಳು. ಅವನು ಹಿಡಿದ... ಹಿಡಿದವನು ಬಿಡಲಿಲ್ಲ.

"ಗಾಡಿ ತಪ್ಪತದ್ರಿ," ಎಂದಳು, ನೆಲ ನೋಡುತ್ತ.

"ತಪ್ಲಿ. ಎಡಗೈ ಸ್ಕೌಟಿನವ್ರಿಗಿ ಆಯ್ತು. ಬಲಗೈ ಯಾರಿಗಿ ಕೊಡ್ತೀರಿ ಮೈತ್ರಿ?"

ಅವಳ ಕಿವಿ ಬಿಸಿಯಾಯಿತು. "ಹೇಸಿಗಿ ಬರ್ತದ ಅಂದಾಕಿನ್ನ ಕೇಳಾಕತ್ತೀರಿ..."

"ಮುಖದ ಮ್ಯಾಲೇ ಅಂದಾಕಿ ನೀವೊಬ್ರೇ. ಅವತ್ತೇ ಮನಸ್ಸು ಕೊಟ್ಟುಬಿಟ್ಟೆ."

"ನಿಮ್ಮಪ್ಪ?"

"ಸಿಟ್ಟಿಗೇಳ್ತಾರ. ನಾ ಅವರ ಮುಂದ ನಿಂತು ಹೇಳಾಂವ, ಹೆದರಬ್ಯಾಡ್ರಿ. ಐತವಾರ ಭಂಕೂರಕ್ಕ ಬಂದು ಆಯಿನ್ನ ಕೇಳ್ಲೇನು?"

ಮೈತ್ರಿ ತಲೆ ಎತ್ತಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಅವನ ಕೈಯ ಮೇಲೆ ತನ್ನ ಬಲಗೈಯನ್ನೂ ಇಟ್ಟಳು.

"ಬರ್ರಿ... ಆದ್ರ ಲೋಟ ತರಬ್ಯಾಡ್ರಿ. ನಮ್ಮ ಮನ್ಯಾಗ ಕಪ್ಪು ಅವ."